ಲೈನ್ ಮನೆಯ ರಾತ್ರಿಗೆ ಯಾವ ಕಾದಂಬರಿ?

ದೀಪಾವಳಿ ಕಳೆದು ಅರೇಬಿಕಾ ಹಣ್ಣು ಕೆಂಪಾಗುವ ಹೊತ್ತಿಗೆ ನಮ್ಮೊಳಗೆ ಪ್ರತಿವರ್ಷ ಒಂದು ಜಗಳ ಹುಟ್ಟುತ್ತದೆ. ಈ ಸಲದ ಚಳಿಗೆ ಯಾವ ಕಾದಂಬರಿ ಓದೋದು? ನಾವು ಅಂದರೆ ಬಹಳ ಜನವೇನಲ್ಲ. ಮೂಡಿಗೆರೆ ಸೀಮೆಯ ಇಬ್ಬರು ಪ್ರೈಮರಿ ಶಾಲೆ ಮೇಷ್ಟ್ರುಗಳು, ಕಳಸದಿಂದ ಚಿಕ್ಕಮಗಳೂರಿಗೆ ಕಾಲೇಜಿಗೆ ಹೋದ ಒಬ್ಬ ಹುಡುಗ, ಸಂಘಟನೆ ಅಂತ ತೋಟ ತೋಟ ಸುತ್ತುವ ಇನ್ನೊಬ್ಬ. ಮೇಷ್ಟ್ರುಗಳಲ್ಲಿ ಒಬ್ಬರು ಹುಟ್ಟಿದ್ದೇ ಕೂಲಿ ಲೈನಿನಲ್ಲಿ. ಕುಯ್ಲಿನ ಕಾಲದಲ್ಲಿ ವಾರಕ್ಕೆ ಎರಡೋ ಮೂರೋ ರಾತ್ರಿ ಒಂದು ಎಸ್ಟೇಟಿನ ಲೈನಿಗೆ ಹೋಗಿ, ಬೆಂಕಿ ಸುತ್ತ ಕೂತವರ ನಡುವೆ ಒಂದು ಕಾದಂಬರಿಯನ್ನು ಗಟ್ಟಿಯಾಗಿ ಓದೋದು ನಮ್ಮ ಅಭ್ಯಾಸ. ಕೇಳುವವರು ಹದಿನೈದು ಜನ ಇರಬಹುದು, ಕೆಲವು ರಾತ್ರಿ ಮೂವತ್ತೂ ಆಗಬಹುದು.

ಗೆಳೆಯರು ಕೆಲವರು ನಗುತ್ತಾರೆ. ಕೂಲಿ ಬಾಕಿ ಇದೆ, ತಲೆತಲಾಂತರ ದುಡಿದವರಿಗೆ ಒಂದು ಸೈಟಿನ ಹಕ್ಕುಪತ್ರ ಇಲ್ಲ, ಸತ್ತರೆ ಹೂಳೋಕೆ ಜಾಗ ಕೇಳಬೇಕು, ನೀವು ಕಾದಂಬರಿ ಆರಿಸ್ತಾ ಕೂತಿದೀರಲ್ಲ ಅಂತಾರೆ. ನಗಲಿ. ಜಾಗ ಕೇಳೋಕೆ ಹಗಲು ಇದೆ, ಅರ್ಜಿ ಇದೆ, ತಾಲೂಕು ಕಚೇರಿ ಮೆಟ್ಟಿಲು ಇದೆ, ಅದನ್ನೂ ಮಾಡುತ್ತಿದ್ದೇವೆ. ಆದರೆ ಕೂಲಿಯವನಿಗೂ ಒಂದು ಸಾಯಂಕಾಲ ಅಂತ ಇರುತ್ತದೆ ಅನ್ನೋದು 1951ರಲ್ಲಿ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಬರೆದವರಿಗೂ ಹೊಳೆದಿತ್ತು. ಮನೆ, ಶಿಶುವಿಹಾರ, ಮಕ್ಕಳ ಓದು ಇವುಗಳ ಜೊತೆಗೆ ಕಾರ್ಮಿಕರ ಮನರಂಜನೆಗೂ ಮಾಲೀಕ ಏರ್ಪಾಡು ಮಾಡುವಂತೆ ಸರ್ಕಾರ ನಿಯಮ ತರಬಹುದು ಅಂತ ಅದರಲ್ಲಿ ಬರೆದಿದ್ದರು. ಆ ಕಾಯ್ದೆಯನ್ನು 2020ರ ಹೊಸ ಸಂಹಿತೆಯೊಳಗೆ ಸೇರಿಸಿದರು. ನಾವು ನೋಡಿದ ಲೈನುಗಳಲ್ಲಿ ಮನರಂಜನೆ ಅಂದರೆ ಯಾರೋ ಸಾಲ ಮಾಡಿ ತಂದ ಒಂದು ಟಿವಿ, ಶನಿವಾರದ ಪ್ಯಾಕೆಟ್ಟು.

ಕುಯ್ಲಿನ ರಾತ್ರಿ ಅಂದರೆ ಏನು ಅಂತ ಬಯಲುಸೀಮೆಯ ಗೆಳೆಯರಿಗೆ ಸ್ವಲ್ಪ ಹೇಳಬೇಕು. ನವೆಂಬರಿನಿಂದ ಜನವರಿವರೆಗೆ ಅರೇಬಿಕಾ, ಅದರ ಬೆನ್ನಿಗೇ ರೊಬಸ್ಟಾ. ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದ ಗಿಡದೊಳಗೆ ನುಗ್ಗಿದರೆ ಸೊಂಟದವರೆಗೆ ಒದ್ದೆ. ಚಗಳಿ ಇರುವೆ ಕುತ್ತಿಗೆಗೆ ಇಳಿಯುತ್ತದೆ. ಸಂಜೆ ಚೀಲ ಹೊತ್ತು ತಂದು, ತೂಕ ಹಾಕಿಸಿ, ರೈಟರು ಬರೆದುಕೊಂಡದ್ದು ಸರಿಯೋ ತಪ್ಪೋ ತಿಳಿಯದೆ ಮನೆಗೆ ಬಂದರೆ ಒಲೆ ಹಚ್ಚಬೇಕು. ಹಣ್ಣಿನ ಅಂಟು ಬೆರಳ ಸಂದಿಯಲ್ಲಿ ಕಪ್ಪಗೆ ಕೂತಿರುತ್ತದೆ, ಸೋಪಿಗೆ ಹೋಗಲ್ಲ. ಪಲ್ಪರ್ ನೀರಿನ ಹುಳಿ ವಾಸನೆ ರಾತ್ರಿಯ ಗಾಳಿಯಲ್ಲೇ ಇರುತ್ತದೆ. ಗಂಡಸರಲ್ಲಿ ಇಬ್ಬರು ಮೂವರು ಕಂಬಳಿ ಹೊದ್ದು ಕಣ ಕಾಯೋಕೆ ಹೋಗುತ್ತಾರೆ. ಉಳಿದವರ ಊಟ ಮುಗಿಯುವಾಗ ಎಂಟೂವರೆ. ಒಂಬತ್ತೂವರೆ ದಾಟಿದರೆ ಕಣ್ಣು ಎಳೆಯುತ್ತದೆ. ಬೆಳಿಗ್ಗೆ ಐದಕ್ಕೆ ಏಳಬೇಕು. ಹಾಗಾಗಿ ನಮಗೆ ಸಿಗೋದು ಒಂದೇ ಗಂಟೆ, ಅದೂ ಅವರ ನಿದ್ದೆಯಿಂದ ಕಿತ್ತು ಕೊಟ್ಟ ಗಂಟೆ. ಮೊಬೈಲ್ ಇದೆಯಲ್ಲ ಎಲ್ಲರ ಕೈಲಿ ಅನ್ನಬಹುದು. ಇದೆ. ಆದರೆ ಕಳಸದ ಕಡೆಯ ಎಷ್ಟೋ ಕಣಿವೆಗಳಲ್ಲಿ ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು. ಆ ಚಳಿಯಲ್ಲಿ ಯಾರು ಹತ್ತುತ್ತಾರೆ?

ಇನ್ನೊಬ್ಬರ ನಿದ್ದೆಯನ್ನು ಕೇಳಿ ಪಡೆದವರು ಅದಕ್ಕೆ ಬದಲಾಗಿ ಏನು ಕೊಡಬೇಕು? ನಮ್ಮ ಪ್ರಶ್ನೆ ಇಲ್ಲಿಂದ ಶುರುವಾದದ್ದು. ಆದರೆ ಮೊದಲ ವರ್ಷ ನಾವು ಹೀಗೆಲ್ಲ ಯೋಚಿಸಿರಲಿಲ್ಲ. ಯಾವುದು ಒಳ್ಳೆ ಪುಸ್ತಕ, ಯಾವುದು ನಮ್ಮ ಪುಸ್ತಕ ಅನ್ನೋದು ನಮಗೆ ಗೊತ್ತಿದೆ ಅಂತಲೇ ಹೊರಟೆವು. ಜೇಬಿನಲ್ಲಿ ಒಂದು ಪಟ್ಟಿ ಇತ್ತು. ಮೊದಲ ಹೆಸರು ಶಿವರಾಮ ಕಾರಂತರ 'ಚೋಮನ ದುಡಿ', 1933ರದು. ಆಮೇಲೆ ನಿರಂಜನರ 'ಚಿರಸ್ಮರಣೆ'. ಕಯ್ಯೂರಿನ ರೈತರ ಕತೆ, 1943ರಲ್ಲಿ ನಾಲ್ವರು ಗಲ್ಲಿಗೇರಿದ್ದು. ಅದನ್ನು ಆರಿಸುವಾಗ ನಮಗೆ ಇನ್ನೊಂದು ಒಳ ಆಸೆಯೂ ಇತ್ತು, ಈಗ ಹೇಳಿಕೊಂಡರೆ ತಪ್ಪಿಲ್ಲ. ಆ ಕಾದಂಬರಿಯಲ್ಲಿ ರೈತರನ್ನು ಎಬ್ಬಿಸುವವನು ಒಬ್ಬ ಮಾಸ್ತರ. ನಾವೂ ಮೇಷ್ಟ್ರುಗಳೇ ತಾನೆ!

'ಚೋಮನ ದುಡಿ' ಹಿಡಿದದ್ದಕ್ಕೆ ನಮ್ಮ ಕಾರಣ ಸರಳವಾಗಿತ್ತು. ಘಟ್ಟದ ಕೆಳಗಿನಿಂದ ಸಾಲಕ್ಕೆ ಸಿಕ್ಕಿ ಕಾಫಿ ತೋಟಕ್ಕೆ ಹತ್ತಿ ಬಂದವರ ಕತೆ ಅದು. ನಾವು ಹೋಗುವ ಲೈನಿನ ಅರ್ಧ ಜನದ ಅಜ್ಜಂದಿರು ಹಾಗೆಯೇ ಬಂದವರು, ಮನೆಯೊಳಗೆ ಈಗಲೂ ತುಳು ಆಡುತ್ತಾರೆ. ಇನ್ನುಳಿದವರಲ್ಲಿ ಕೆಲವರು ತಮಿಳರು, ಕೆಲವರು ಇಲ್ಲಿನವರೇ. ಚೋಮನಿಗೆ ಹೊಲೆಯ ಅನ್ನೋ ಕಾರಣಕ್ಕೆ ಗೇಯೋಕೆ ತುಂಡು ನೆಲ ಸಿಗಲ್ಲ. ಸಾಲಕ್ಕೆ ಮಕ್ಕಳನ್ನು ತೋಟಕ್ಕೆ ಕಳಿಸ್ತಾನೆ. ಒಬ್ಬ ಕ್ರೈಸ್ತಳನ್ನು ಮದುವೆಯಾಗಿ ಅತ್ತ ಹೋಗುತ್ತಾನೆ, ಒಬ್ಬ ಜ್ವರದಲ್ಲಿ ಸಾಯ್ತಾನೆ. ಕೊನೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ಮೊದಲ ನಾಲ್ಕು ರಾತ್ರಿ ಜನ ಉಸಿರು ಬಿಗಿಹಿಡಿದು ಕೇಳಿದರು. ಐದನೆಯ ರಾತ್ರಿ ಬೆಳ್ಳಿಯ ಭಾಗ ಬಂತು. ತೋಟದ ರೈಟರ್ ಮನ್ವೇಲ, ಆಮೇಲೆ ದೊರೆ, ಆಮೇಲೆ ತೀರಿದ ಸಾಲ.

ಎದುರಿಗೆ ಹೆಂಗಸರು ಕೂತಿದ್ದರು. ವಯಸ್ಸಿಗೆ ಬಂದ ಹುಡುಗಿಯರು ಇದ್ದರು. ಬಾಗಿಲ ಹತ್ತಿರ ಮೇಸ್ತ್ರಿ ಬೀಡಿ ಹಚ್ಚಿಕೊಂಡು ನಿಂತಿದ್ದ. ಓದುತ್ತಿದ್ದ ನಮ್ಮ ಮೇಷ್ಟ್ರ ಗಂಟಲು ಕಟ್ಟಿತು. ಇವರ ಮುಂದೆ ಇದನ್ನು ಹೇಗೆ ಓದೋದು? ನೋವಿನ ಮೇಲೆ ಉಪ್ಪು ಯಾಕೆ? ಅವರು ನಮ್ಮ ಮುಖ ನೋಡಿದರು, ನಾವು ಕಣ್ಣಲ್ಲೇ ಒಪ್ಪಿಗೆ ಕೊಟ್ಟೆವು. ಹಾಳೆಗಳು ಒಟ್ಟಿಗೆ ಮಗುಚಿಕೊಂಡವು. ಬೆಳ್ಳಿ ಮನೆಗೆ ವಾಪಸು ಬಂದಳು ಅನ್ನೋ ಕಡೆಯಿಂದ ಓದು ಮುಂದುವರೀತು.

ಆಗ ಬೆಂಕಿಯ ಆಚೆ ಬದಿಯಿಂದ ಒಂದು ಅಜ್ಜಿಯ ದನಿ ಬಂತು. "ಮೇಷ್ಟ್ರೆ, ಹಾಳೆ ಎರಡು ಮೂರು ಸಲ ಮಗುಚಿದ ಸದ್ದು ಕೇಳ್ತು. ಮಧ್ಯ ಏನಿತ್ತು?"

"ಏನಿಲ್ಲ ಅಜ್ಜಿ, ಥಂಡಿಗೆ ಹಾಳೆ ಅಂಟ್ಕೊಂಡಿತ್ತು."

"ಆ ಹುಡುಗಿ ಬಂಗ್ಲೆಗೆ ಹೋದದ್ದು ತಾನೆ? ನಮಗೆ ಗೊತ್ತಿಲ್ಲದ್ದಾ ಅದು? ಓದಿ. ಪುಸ್ತಕ ಬರೆದವರಿಗೆ ಅದು ಗೊತ್ತಾಗಿದೆಯೋ ಇಲ್ವೋ ನಾವು ನೋಡ್ಬೇಕು."

ಅಕ್ಷರ ಬಾರದ ಹೆಂಗಸು ನಮ್ಮನ್ನು ಹಿಡಿದುಹಾಕಿದ್ದಳು. ನಾವು ಮತ್ತೆ ಹಿಂದಕ್ಕೆ ಹೋಗಿ ಬಿಟ್ಟ ಹಾಳೆಗಳನ್ನು ಓದಿದೆವು. ಯಾರೂ ಅಳಲಿಲ್ಲ. ಒಬ್ಬ ತಾಯಿ ಮಗಳನ್ನು ಒಳಗೆ ಕರೆದುಕೊಂಡು ಹೋದಳು. ಮೇಸ್ತ್ರಿ ಬೀಡಿ ಎಸೆದು ಹೊರಟುಹೋದ. ಓದು ಮುಗಿದ ಮೇಲೆ ಅಜ್ಜಿ ಅಂದಳು: "ಗೊತ್ತಾಗಿದೆ ಅವರಿಗೆ. ಪೂರಾ ಅಲ್ಲ, ಆದ್ರೆ ಗೊತ್ತಾಗಿದೆ."

ಪೂರಾ ಅಲ್ಲ ಅಂದರೆ ಏನು ಅಂತ ನಾವು ಕೇಳಲಿಲ್ಲ. ಕೇಳುವ ಯೋಗ್ಯತೆ ಆ ರಾತ್ರಿ ನಮಗಿರಲಿಲ್ಲ.

ನಾವು ಮಾಡಿದ್ದೇನು ಅಂತ ಆಮೇಲೆ ಬಹಳ ಮಾತಾಡಿಕೊಂಡೆವು. ಕರುಣೆಯಿಂದ ಹಾಳೆ ಹಾರಿಸಿದೆವು ಅಂತ ಮೊದಲು ಸಮಾಧಾನ ಹೇಳಿಕೊಂಡದ್ದು ನಿಜ. ಆದರೆ ಆ ಕರುಣೆಯನ್ನು ಬಗೆದು ನೋಡಿದರೆ ಒಳಗೆ ಕೂತಿದ್ದ ಮಾತು ಹಳೆಯದೇ: ಇವರಿಗೆ ಇಷ್ಟು ಸಾಕು. ಈ ಮಾತನ್ನು ನಾವು ಹುಟ್ಟಿದಾಗಿನಿಂದ ಕೇಳಿಕೊಂಡೇ ಬಂದವರು. ಕಾಫಿ ಕುಯ್ದವನಿಗೆ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವನು ಕಾಫಿ ಇಲ್ಲ ಅನ್ನಲಿಲ್ಲ. ಇವನಿಗೆ ಇಷ್ಟು ಸಾಕು, ಇಲ್ಲಿ ಕೂತು ಕುಡಿದರೆ ಸಾಕು, ಇದರಲ್ಲಿ ಕುಡಿದರೆ ಸಾಕು ಅಂದ. ನೀರನ್ನು ಮೇಲಿನಿಂದ ಹುಯ್ಯುವವರೂ ದಯೆಯಿಂದಲೇ ಹುಯ್ಯುತ್ತಿದ್ದರು. ಇನ್ನೊಬ್ಬನಿಗೆ ಎಷ್ಟು ಸಾಕು ಅನ್ನೋದನ್ನು ಅವನನ್ನು ಕೇಳದೆ ತೀರ್ಮಾನಿಸುವ ಅಧಿಕಾರ ಇದೆಯಲ್ಲ, ಜಾತಿಯ ಬೇರು ಅಲ್ಲೇ ಎಲ್ಲೋ ಇದೆ ಅಂತ ನಮಗೆ ಅನಿಸುತ್ತದೆ. ಅದು ನಮ್ಮ ಕೈಗೆ ಬಂದಾಗ ಪುಸ್ತಕದ ರೂಪದಲ್ಲಿ ಬಂತು, ಅಷ್ಟೇ ವ್ಯತ್ಯಾಸ.

ಯು.ಆರ್. ಅನಂತಮೂರ್ತಿಯವರ 'ಭಾರತೀಪುರ' ಬಂದದ್ದು 1973ರಲ್ಲಿ. ಅದರಲ್ಲಿ ಜಗನ್ನಾಥ ಮನೆಯ ಸಾಲಿಗ್ರಾಮವನ್ನು ಹೊರಗೆ ತಂದು ಹೊಲೆಯರಿಗೆ ಮುಟ್ಟಿ ಅಂತಾನೆ. ಅವರು ಹೆದರಿ ಹಿಂಜರಿದಾಗ ಸಿಟ್ಟಾಗಿ ಬಲವಂತ ಮಾಡ್ತಾನೆ. ಆ ಕಾದಂಬರಿಯ ಹೊಲೆಯರಿಗೆ ಮುಖವೇ ಇಲ್ಲ ಅಂತ ನಮ್ಮ ಕಡೆಯವರು ಹೇಳಿಕೊಂಡು ಬಂದಿದ್ದೇವೆ, ಆ ಮಾತು ನಮಗೆ ಇವತ್ತೂ ಸರಿ. ಆದರೆ ಐದನೆಯ ರಾತ್ರಿ ಆದಮೇಲೆ ನಮ್ಮ ಕಾಲೇಜಿನ ಹುಡುಗ ಒಂದು ಮಾತು ಹೇಳಿದ: "ಜಗನ್ನಾಥನ ಕೈಲಿ ಸಾಲಿಗ್ರಾಮ ಇತ್ತು, ನಮ್ಮ ಕೈಲಿ ಕಾರಂತರು ಇದ್ರು." ಜಗನ್ನಾಥ ಮುಟ್ಟಿ ಅಂತ ಬಲವಂತ ಮಾಡಿದ, ನಾವು ಮುಟ್ಟಬೇಡಿ ಅಂತ ಬಚ್ಚಿಟ್ಟೆವು. ಎರಡೂ ಕಡೆ ಎದುರಿಗಿದ್ದವರ ಮನಸ್ಸು ಕೇಳಿದವರಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಮರುದಿನ ಬೆಳಿಗ್ಗೆಯೇ ಸುದ್ದಿ ಮೇಲಕ್ಕೆ ಹೋಯಿತು. ಮುಂದಿನ ವಾರ ಗೇಟಿನಲ್ಲಿ ನಮ್ಮನ್ನು ತಡೆದರು. ರಾತ್ರಿ ಹೊತ್ತು ಹೊರಗಿನವರು ಬರಕೂಡದು ಅಂತ. ಅದು ನಮಗೆ ಆಗಿದ್ದು, ನಾವು ತಡಕೊಂಡೆವು. ಆದರೆ ಆ ಅಜ್ಜಿಯ ಸೊಸೆಗೆ ಹತ್ತು ದಿನ ಕೆಳಗಿನ ಹಳ್ಳದ ಬದಿಯ ಸಾಲು ಕೊಟ್ಟರು. ಕಡಿದಾದ ಇಳಿಜಾರು, ಗಿಡದಲ್ಲಿ ಹಣ್ಣು ತೆಳು. ಕುಯ್ಲು ಕೆಜಿ ಲೆಕ್ಕ. ಬೇರೆಯವರು ಎರಡು ಚೀಲ ತುಂಬುವಾಗ ಅವಳದು ಒಂದೂ ತುಂಬಲ್ಲ. ಯಾರೂ ಏನೂ ಅನ್ನಲಿಲ್ಲ, ಬೈಯಲೂ ಇಲ್ಲ. ಸಾಲು ಹಂಚಿದರು, ಅಷ್ಟೇ. ಕಾದಂಬರಿ ಆರಿಸಿದವರು ನಾವು, ಕೂಲಿ ಕಳಕೊಂಡವಳು ಅವಳು. ನಮ್ಮ ಮೇಷ್ಟ್ರುಗಳ ಸಂಬಳ ಆ ತಿಂಗಳೂ ಒಂದನೇ ತಾರೀಕಿಗೆ ಬಂತು.

ಈ ಲೆಕ್ಕವನ್ನು ನಮ್ಮ ಚಳವಳಿಯ ಗೆಳೆಯರು ಇನ್ನೂ ಸರಿಯಾಗಿ ಮಾಡಿಲ್ಲ. 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದಾಗ ಹೊಡೆತ ತಿಂದದ್ದು ಯಾರು ಅನ್ನೋದು ಈ ಪತ್ರಿಕೆ ಓದುವವರಿಗೆ ಹೇಳಬೇಕಾಗಿಲ್ಲ. ಅವರ ಮಂತ್ರಿಗಿರಿ ಹೋಯಿತು, ದಲಿತ ಹುಡುಗರ ಮೈ ಮುರಿಯಿತು. ಆ ಪೆಟ್ಟಿನಿಂದಲೇ ನಮ್ಮ ಹಿರಿಯರು ಎದ್ದು ನಿಂತರು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯೂ ಬಂತು. ಯಾವುದು ಕಾಳು ಯಾವುದು ಬೂಸಾ ಅಂತ ನಾವೇ ಕೇರಿಕೊಳ್ಳುತ್ತೇವೆ ಅನ್ನೋದು ಆ ಕಾಲದ ದೊಡ್ಡ ಧೈರ್ಯ. ಆದರೆ ಮೊರ ಯಾರ ಕೈಯಲ್ಲಿದೆ ಅನ್ನೋ ಪ್ರಶ್ನೆ ನಮ್ಮೊಳಗೂ ಇದೆ. ಓದು ಕಲಿತವನ ಕೈಗೆ ಮೊರ ಬಂದದ್ದಕ್ಕೇ ಲೈನಿನಲ್ಲಿ ಇರುವವಳ ಕೈಗೆ ಬಂದ ಹಾಗಾಯಿತೆ?

ದೂರದ ಒಂದು ಉದಾಹರಣೆ ಹೇಳುತ್ತೇವೆ. ಕ್ಯೂಬಾ ದೇಶದ ಹವಾನಾದ ಚುಟ್ಟಾ ಕಾರ್ಖಾನೆಗಳಲ್ಲಿ 1865ರಲ್ಲಿ ಒಂದು ಪದ್ಧತಿ ಶುರುವಾಯಿತು. ಹೊಗೆಸೊಪ್ಪು ಸುತ್ತುವವರ ಕೈಗೆ ಬಿಡುವಿಲ್ಲ, ಕಿವಿಗೆ ಇದೆ. ಹಾಗಾಗಿ ಒಬ್ಬನನ್ನು ಎತ್ತರದ ಜಾಗದಲ್ಲಿ ಕೂರಿಸಿ ಪತ್ರಿಕೆ, ಕಾದಂಬರಿ ಓದಿಸಿದರು. ಅವನಿಗೆ ಕೊಡುವ ದುಡ್ಡು ಮಾಲೀಕನದಲ್ಲ, ಕೆಲಸಗಾರರು ತಮ್ಮ ಕೂಲಿಯಿಂದ ಎತ್ತಿದ್ದು. ಯಾವ ಕಾದಂಬರಿ ಅಂತ ವೋಟು ಹಾಕಿ ಆರಿಸುತ್ತಿದ್ದವರೂ ಅವರೇ. ಒಂದೇ ವರ್ಷದಲ್ಲಿ, 1866ರಲ್ಲಿ, ಅಲ್ಲಿನ ಸ್ಪೇನಿನ ಗವರ್ನರ್ ಅದನ್ನು ನಿಷೇಧಿಸಿದ. ಆಮೇಲೆ ಮತ್ತೆ ಬಂತು, ಇವತ್ತಿಗೂ ಆ ದೇಶದಲ್ಲಿ ಇದೆ. ಅಮೆರಿಕದ ಟಾಂಪಾ ಊರಿನ ಕಾರ್ಖಾನೆಗಳಲ್ಲಿ 1931ರಲ್ಲಿ ಮಾಲೀಕರು ಓದುವವರನ್ನು ಕಿತ್ತುಹಾಕಿದರು, ಆ ಜಾಗಕ್ಕೆ ರೇಡಿಯೋ ಬಂತು. ಅವರು ಬಹಳ ಮೆಚ್ಚಿ ಕೇಳುತ್ತಿದ್ದದ್ದು ಯಾವುದು ಗೊತ್ತೆ? ಫ್ರಾನ್ಸಿನ ಡೂಮಾ ಬರೆದ ಕಾದಂಬರಿ, ಸೆರೆಮನೆಯಿಂದ ತಪ್ಪಿಸಿಕೊಂಡು ಬಂದು ಸೇಡು ತೀರಿಸಿಕೊಳ್ಳುವ ಮಾಂಟೆ ಕ್ರಿಸ್ಟೋನ ಕತೆ. ಆ ಹೆಸರು ಒಂದು ಚುಟ್ಟಾದ ಮೇಲೇ ಕೂತಿತು. ನಮ್ಮ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗುತ್ತಿತ್ತೆ? ಸಿಗುತ್ತಿರಲಿಲ್ಲ.

ಎರಡನೆಯ ವರ್ಷ ಓದು ಎಸ್ಟೇಟಿನ ಹೊರಗೆ, ರಸ್ತೆ ಬದಿಯ ಅಂಗನವಾಡಿಯ ಜಗಲಿಗೆ ಬಂತು. ಮಳೆಗಾಲದಲ್ಲಿ ಒಣಗಿಸಿಟ್ಟ ಸೌದೆ ತಂದರು. ನಾವು ಕ್ಯೂಬಾದ ಹಾಗೆ ಮಾಡೋಣ ಅಂತ ಉತ್ಸಾಹದಿಂದ ಹೋಗಿ, ಯಾವ ಪುಸ್ತಕ ಬೇಕು ನೀವೇ ಹೇಳಿ ಅಂದೆವು. ಯಾರೂ ಬಾಯಿ ಬಿಡಲಿಲ್ಲ. "ನೀವೇ ಹೇಳಿ ಮೇಷ್ಟ್ರೆ, ನಮಗೇನು ಗೊತ್ತು" ಅಂದರು. ಈ ಮಾತನ್ನು ನಂಬಿಕೊಂಡು ಎಷ್ಟು ಜನ ಎಷ್ಟು ಕಾಲ ಆಳಿದರು! ನಮಗೂ ಅದು ಹಿತವಾಗಿಯೇ ಕೇಳಿಸಿತು, ಸುಳ್ಳು ಯಾಕೆ. ಆದರೆ ಏನಿದೆ ಅಂತಲೇ ಗೊತ್ತಿಲ್ಲದವರನ್ನು ಆರಿಸಿ ಅನ್ನೋದು ತಮಾಷೆ. ಬೀಗ ಹಾಕಿದ ಉಗ್ರಾಣದ ಮುಂದೆ ನಿಲ್ಲಿಸಿ ಏನು ಬೇಕೋ ತಗೋ ಅಂದ ಹಾಗೆ. ಕೊನೆಗೆ ಒಂದು ಉಪಾಯ ಮಾಡಿದೆವು. ಮೂರು ರಾತ್ರಿ ಮೂರು ಪುಸ್ತಕದ ಮೊದಲ ಹದಿನೈದು ಇಪ್ಪತ್ತು ಪುಟ ಓದೋದು. ಒಳಗೆ ಏನು ಬರುತ್ತೆ ಅಂತ ಮುಚ್ಚಿಡದೆ ಹೇಳೋದು, ಇದನ್ನು ಓದಿದರೆ ಮೇಲಿನವರಿಗೆ ಸಿಟ್ಟು ಬರಬಹುದು ಅನ್ನೋದನ್ನೂ ಹೇಳೋದು. ನಾಲ್ಕನೆಯ ರಾತ್ರಿ ನಾವು ಬರೋದಿಲ್ಲ. ಅವರೇ ಮಾತಾಡಿಕೊಂಡು ತಿಳಿಸಬೇಕು.

ಮೊದಲು ಬಂದ ತೀರ್ಮಾನ ನಮಗೆ ಮುಖಭಂಗ. ಪತ್ತೇದಾರಿ ಬೇಕು ಅಂದರು. ಲೈನಿನ ಒಬ್ಬ ಹಿರಿಯರಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ನೆನಪು ಗಟ್ಟಿಯಾಗಿತ್ತು, ಹುಡುಗರಾಗಿದ್ದಾಗ ಪೇಟೆಯಲ್ಲಿ ಬಾಡಿಗೆಗೆ ತಂದು ಓದಿದವರು. ಅಂಥ ಪುಸ್ತಕ ಈಗ ಸಿಗೋದು ಕಷ್ಟ, ಹಳೆ ಪುಸ್ತಕದ ರಾಶಿಯಲ್ಲಿ ಹೊದಿಕೆ ಹರಿದ ಒಂದು ಸಿಕ್ಕಿತು. ಓದಿದೆವು. ಅದರಿಂದ ಯಾರ ಪ್ರಜ್ಞೆಯೂ ಬೆಳೆಯಲಿಲ್ಲ, ಯಾವ ಜಾಗೃತಿಯೂ ಆಗಲಿಲ್ಲ. ಜನ ಆರು ರಾತ್ರಿ ಖುಷಿಯಾಗಿದ್ದರು. ಕೊಲೆಗಾರ ಯಾರು ಅಂತ ತೋಟದಲ್ಲಿ ಹಣ್ಣು ಕೀಳುತ್ತ ಬೆಟ್ಸು ಕಟ್ಟಿದರಂತೆ. ದಿನವಿಡೀ ತೂಕದ ಭಯದಲ್ಲಿ ಬದುಕುವವರಿಗೆ, ತಮ್ಮದಲ್ಲದ ಒಂದು ಭಯವನ್ನು ಬೆಚ್ಚಗೆ ಕೂತು ಅನುಭವಿಸುವ ಹಕ್ಕು ಇಲ್ಲ ಅಂತ ಹೇಳೋಕೆ ನಾವು ಯಾರು? ಬಡವನು ಓದೋದೆಲ್ಲ ಬಡತನದ ಬಗ್ಗೆಯೇ ಇರಬೇಕು ಅನ್ನೋದೂ ಒಂದು ಬೇರೆ ಲೋಟ.

ಆಮೇಲೆ ಅವರು ಕೇಳಿದ್ದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ', 1980ರದು. ಅವರು ಮೂಡಿಗೆರೆಯಲ್ಲೇ ಇದ್ದವರು, 2007ರಲ್ಲಿ ತೀರಿಹೋದರು. ಅವರ ತೋಟದ ದಾರಿ, ಸ್ಕೂಟರು ನೋಡಿದವರು ಲೈನಿನಲ್ಲೇ ಇದ್ದರು. ಕಾಫಿ ಬೆಳೆಯುವವರ ಕಾದಂಬರಿ ಇದು, ಕುಯ್ಯುವವರದಲ್ಲ ಅಂತ ನಮ್ಮಲ್ಲಿ ಒಬ್ಬರು ಗೊಣಗಿದರು. ಹಾರುವ ಓತಿಯ ಮಾತು ಬಂದ ರಾತ್ರಿ ಓದು ಹತ್ತು ನಿಮಿಷಕ್ಕೆ ನಿಂತಿತು. ಅದನ್ನು ಯಾರು ಎಲ್ಲಿ ನೋಡಿದ್ದು, ರೆಕ್ಕೆ ಯಾವ ಬಣ್ಣ, ಯಾವ ಮರದಿಂದ ಯಾವ ಮರಕ್ಕೆ ಇಳೀತು ಅಂತ ಐದಾರು ಜನ ಒಟ್ಟಿಗೆ ಮಾತಾಡಿದರು. ನಮ್ಮ ಇಬ್ಬರು ಮೇಷ್ಟ್ರುಗಳಲ್ಲಿ ಒಬ್ಬರೂ ಅದನ್ನು ಕಂಡವರಲ್ಲ. ಕಾದಂಬರಿಯೊಳಗೂ ಸಂಗತಿ ಅದೇ ಅಲ್ಲವೆ? ದೊಡ್ಡ ವಿಜ್ಞಾನಿಗೆ ದಾರಿ ತೋರಿಸುವವನು ಪ್ಯೂನ್ ಕೆಲಸಕ್ಕೆ ಆಸೆಪಡುವ ಮಂದಣ್ಣ. ಇದನ್ನು ನಾವು ಎಷ್ಟೋ ಸಲ ಓದಿದ್ದೆವು, ಆದರೆ ಮಂದಣ್ಣನ ಕಡೆ ಕೂತು ಓದಿದ್ದು ಅದೇ ಮೊದಲು.

ದೇವನೂರ ಮಹಾದೇವರ 'ಒಡಲಾಳ' ಓದೋಕೆ ನಮಗೆ ಅಳುಕಿತ್ತು. ನಂಜನಗೂಡು ಸೀಮೆಯ ಮಾತು, ಇಲ್ಲಿನ ತುಳು ತಮಿಳು ಕಿವಿಗೆ ಹತ್ತುತ್ತದೋ ಇಲ್ಲವೋ ಅಂತ. ಮೊದಲ ಪುಟಗಳಲ್ಲಿ ತಡವರಿಸಿದರು. ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕಿಕೊಂಡು ಹೊರಟಾಗ ದಾರಿ ಸಿಕ್ಕಿಬಿಟ್ಟಿತು. ಕದ್ದು ತಂದ ಕಡಲೆಕಾಯಿಯನ್ನು ಮನೆಯವರೆಲ್ಲ ಕೂತು ರಾತ್ರಿಯಲ್ಲೇ ತಿಂದು ಮುಗಿಸುವ ಭಾಗ ಬಂದಾಗ ಜಗಲಿಯಲ್ಲಿ ನಗುವೋ ನಗು. ಆಮೇಲೆ ವಾದ ಎದ್ದಿತು. ಅದು ಕಳ್ಳತನವೇ ಅಂದವರು ಇದ್ದರು, ಜೋರಾಗಿಯೇ ಅಂದರು. ಹಸಿದವನು ತಿಂದದ್ದು ಕಳ್ಳತನವಲ್ಲ ಅಂತ ನಮ್ಮ ಸಂಘಟನೆಯ ಗೆಳೆಯ ಭಾಷಣ ಶುರುಮಾಡುವ ಮೊದಲೇ ಒಬ್ಬಾಕೆ ತಡೆದಳು. ಸಂಜೆ ಗೇಟಿನಲ್ಲಿ ಚೀಲ ಜಾಲಾಡಿಸಿಕೊಂಡು ಬಂದವಳು ಅವಳು. "ಅವರ ಪುಣ್ಯ ಅಣ್ಣ, ಕಡಲೆಕಾಯಿ ತಿಂದು ಮುಗಿಸ್ಬೌದು. ನಾವು ಕಾಫಿ ಹಣ್ಣು ಕದ್ರೆ ತಿನ್ನೋಕಾಗಲ್ವಲ್ಲ, ಅದಕ್ಕೇ ಸಿಕ್ಕಿಬೀಳ್ತೀವಿ." ನೂರಾರು ವರ್ಷದಿಂದ ಈ ಗುಡ್ಡಗಳಲ್ಲಿ ಬೆಳೆದದ್ದು ಹೊಟ್ಟೆ ತುಂಬಿಸದ ಬೆಳೆ ಅನ್ನೋ ಅರ್ಥಶಾಸ್ತ್ರವನ್ನು ಅಷ್ಟು ಚಿಕ್ಕದಾಗಿ ನಾವು ಎಲ್ಲೂ ಓದಿರಲಿಲ್ಲ. ದೊರೆಗಳ ಕಾಲದಲ್ಲಿ ಎಲಿಯಟ್ ಅನ್ನೋ ಪ್ಲಾಂಟರ್ ಮೈಸೂರಿನ ಚಿನ್ನ, ಬೇಟೆ, ಕಾಫಿ ಕೃಷಿಯ ಮೇಲೆ ದಪ್ಪ ಪುಸ್ತಕ ಬರೆದು 1894ರಲ್ಲಿ ಅಚ್ಚು ಹಾಕಿಸಿದ. ಕುಯ್ದವರ ಕಡೆಯಿಂದ ಅಂಥ ಪುಸ್ತಕ ಇನ್ನೂ ಬರಬೇಕು.

ಇಲ್ಲಿ ನಮ್ಮ ಇನ್ನೊಂದು ತಪ್ಪನ್ನೂ ಹೇಳಬೇಕು. ಆ ಅಜ್ಜಿಗೆ ಪಾಡ್ದನ ಬರುತ್ತದೆ. ನಾವು ಬರುವ ಮೊದಲು ಚಳಿಯ ರಾತ್ರಿ ಬೆಂಕಿ ಮುಂದೆ ಅವಳು ಹಾಡುತ್ತಿದ್ದಳು, ಹೆಂಗಸರು ದನಿಗೂಡಿಸುತ್ತಿದ್ದರು. ನಾವು ಪುಸ್ತಕ ಹಿಡಿದು ಬಂದಮೇಲೆ ಆ ಗಂಟೆ ನಮ್ಮದಾಯಿತು. ಯಾರೂ ನಿಲ್ಲಿಸು ಅನ್ನಲಿಲ್ಲ, ಅದೇ ನಿಂತಿತು. ನಮಗೆ ಇದು ತಿಳಿದದ್ದು ಎರಡು ವರ್ಷದ ಮೇಲೆ, ಅದೂ ಅವಳ ಮೊಮ್ಮಗಳು ಹೇಳಿ. ಓದು ಕಲಿಯದವರ ನಡುವೆ ಓದು ಬಂದು ಕೂತರೆ ಉಳಿದದ್ದೆಲ್ಲ ಎದ್ದು ನಿಲ್ಲಬೇಕಾಗುತ್ತದೆ, ಸಾವ್ಕಾರ್ರು ಬಂದಾಗ ಎದ್ದು ನಿಂತ ಹಾಗೆ. ಈಗ ವಾರದಲ್ಲಿ ಒಂದು ರಾತ್ರಿ ಪುಸ್ತಕ ಇಲ್ಲ. ಅವತ್ತು ನಾವು ಕೇಳುವವರು. ತುಳು ಬಾರದ ನಮ್ಮ ಒಬ್ಬ ಮೇಷ್ಟ್ರಿಗೆ ಆ ಮೊಮ್ಮಗಳು ಪಕ್ಕದಲ್ಲಿ ಕೂತು ಅರ್ಥ ಹೇಳುತ್ತಾಳೆ. ಕೆಲವು ಸಾಲಿಗೆ ಸುಮ್ಮನಿರುತ್ತಾಳೆ. ಏನಮ್ಮ ಅದು ಅಂದರೆ ಏನಿಲ್ಲ ಮೇಷ್ಟ್ರೆ ಅಂತಾಳೆ!

ಕಳೆದ ಕುಯ್ಲಿನಲ್ಲಿ ಹಿಡಿದದ್ದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು', 1967ರದು. ಆಯ್ಕೆ ಅವರದೇ. ದಪ್ಪ ಪುಸ್ತಕ ನೋಡಿ ಒಂದು ಸೀಸನ್ನಿಗೆ ಮುಗಿಯೋಲ್ಲ ಅಂದೆವು, ಮುಗೀದಿದ್ರೆ ಮುಂದಿನ ಸಲ ಬರ್ತೀರಲ್ಲ ಅಂದರು. ಈ ಸಲ ಜಗಳ ಕೇಳುವವರೊಳಗೇ ಆಯಿತ್ತು. ಗುತ್ತಿಯ ವಿಷಯಕ್ಕೆ. ಗೌಡರ ಮನೆಯ ಹೊಲೆಯಾಳು, ಒಡೆಯ ಹೇಳಿದ ಕಡೆ ಕಾಗದ ಒಯ್ಯುವವನು, ಇಂಥ ಜೀತದವನ ಕತೆ ನಮಗೆ ಯಾಕೆ, ನಾವು ಅದನ್ನು ದಾಟಿ ಬಂದಿಲ್ಲವಾ ಅಂತ ಟ್ರ್ಯಾಕ್ಟರ್ ಓಡಿಸುವ ಒಬ್ಬ ಯುವಕ ಕೆರಳಿದ. ಅವನ ಮಾತಿಗೆ ನಮ್ಮಲ್ಲೂ ಇಬ್ಬರು ತಲೆದೂಗಿದೆವು. ಅವನ ದೊಡ್ಡಪ್ಪ ಮಾತ್ರ ಒಪ್ಪಲಿಲ್ಲ. "ಅವ್ನು ತಿಮ್ಮಿನ ಕರ್ಕಂಡು ಓಡಿದ್ದು ಯಾವ ಗೌಡನ್ನ ಕೇಳಿ? ಆ ನಾಯಿ ಹುಲಿಯ ಅವ್ನ ಹಿಂದೆ ಹೋಯ್ತಲ್ಲ, ಗೌಡ ಕೊಟ್ಟಿದ್ದಾ ಅದು?" ಆ ರಾತ್ರಿ ಇಬ್ಬರೂ ಸೋಲಲಿಲ್ಲ. ಯುವಕ ಮೂರು ದಿನ ಬರಲಿಲ್ಲ, ನಾಲ್ಕನೆಯ ದಿನ ಬಂದು ದೂರ ಕಂಬಕ್ಕೆ ಒರಗಿ ನಿಂತು ಕೇಳಿದ. ಘಟ್ಟದ ಕೆಳಗಿನಿಂದ ಬಂದ ಐತ, ಪೀಂಚಲು ಬಂದಾಗೆಲ್ಲ ತುಳುವಿನವರ ಮುಖ ಅರಳುತ್ತಿತ್ತು. ಕುವೆಂಪು ಯಾವ ಜಾತಿ ಅಂತ ಯಾರೂ ಕೇಳಲಿಲ್ಲ ಅಂತ ಬರೆಯೋಣ ಅಂದರೆ ಅದು ಸುಳ್ಳಾಗುತ್ತದೆ. ಎರಡನೆಯ ರಾತ್ರಿಯೇ ಕೇಳಿದ್ದರು. ನಾವು ಹೇಳಿದೆವು. "ಹಂಗಾದ್ರೆ ಹೆಂಗೆ ಬರೆದವ್ರೆ ನೋಡೋಣ" ಅಂದರು. ಅಜ್ಜಿಯ ಪರೀಕ್ಷೆ ಅಲ್ಲಿಯೂ ನಡೆದೇ ಇತ್ತು.

ಈಗ ಪಕ್ಕದ ಲೈನಿಗೆ ಅಸ್ಸಾಂ ಕಡೆಯಿಂದ ಕೂಲಿಗೆ ಬಂದ ಕುಟುಂಬಗಳಿವೆ. ಕನ್ನಡ ಬಾರದು, ನಮ್ಮ ಪುಸ್ತಕ ಅವರಿಗೆ ಬರೀ ಸದ್ದು. ಕೆಲವು ರಾತ್ರಿ ಇಬ್ಬರು ಗಂಡಸರು, ಮಗು ಎತ್ತಿಕೊಂಡ ಒಬ್ಬಳು ಹೆಂಗಸು ಬಂದು ಬೆಂಕಿಯ ಹತ್ತಿರ ಕೂತು ಹೋಗುತ್ತಾರೆ. ಬೆಂಕಿಗೆ ಬರ್ತಾರೆ, ಕತೆಗಲ್ಲ ಅಂತ ನಮ್ಮವರೇ ಒಬ್ಬರು ಅಂದರು. ಹೇಳಿದ ಧಾಟಿ ನಮಗೆ ಹಿಡಿಸಲಿಲ್ಲ, ಎಲ್ಲೋ ಕೇಳಿದ ಧಾಟಿಯೇ ಅನಿಸಿತು. ಅವರನ್ನೂ ಕೇಳಬೇಕು, ಏನು ಬೇಕು ಅಂತ. ಯಾವ ಭಾಷೆಯಲ್ಲಿ ಕೇಳೋದು ಅನ್ನೋದೇ ಇನ್ನೂ ಬಗೆಹರಿದಿಲ್ಲ. ಅಜ್ಜಿಯ ಮೊಮ್ಮಗಳು ಆ ಹೆಂಗಸಿನಿಂದ ಐದಾರು ಮಾತು ಕಲಿತುಕೊಂಡಿದ್ದಾಳೆ. ನೀರು, ಉಪ್ಪು, ಚಳಿ ಇಷ್ಟು.

ಮಾರ್ಚಿಯಲ್ಲಿ ಹೂಮಳೆ ಬಂತು. ಕುಯ್ಲು ಮುಗಿದು ಸೀಸನ್ನಿಗೆ ಬಂದವರು ಗಂಟು ಕಟ್ಟಿದರು. ಪುಸ್ತಕ ಅರ್ಧವೂ ಆಗಿರಲಿಲ್ಲ. ಯಾರಿಗೆ ಒಪ್ಪಿಸೋದು ಅಂತ ಕೇಳಿದಾಗ ಮೊಮ್ಮಗಳೇ ಕೈ ಚಾಚಿದಳು, ಒಂಬತ್ತನೆಯ ಕ್ಲಾಸಿನ ಹುಡುಗಿ. ನಿಲ್ಲಿಸಿದ ಕಡೆ ಒಂದು ಸಿಲ್ವರ್ ಮರದ ಎಲೆ ಇಟ್ಟು, ಪ್ಲಾಸ್ಟಿಕ್ ಗೊಬ್ಬರದ ಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾಳೆ. ಮಳೆಗಾಲದಲ್ಲಿ ಮುಂದೆ ಓದಿಬಿಡ್ತೀಯಾ ಅಂತ ಕೇಳಿದೆವು. ಅಜ್ಜಿ ಬಿಡೋದಿಲ್ಲ ಅಂದಳು, ಎಲ್ಲರೂ ಬರಲಿ ಅಂದಿದ್ದಾಳಂತೆ.